ಕಡಲ ಮೇಲಿನ ಮಕ್ಕಳ ಮನೆ

ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರಿನಲ್ಲಿ ನಿಂತು ನೋಡಿದರೆ ಕಡಲು ಎಂಬುದೊಂದು ಇದೆಯೆಂದು ನಂಬುವುದೇ ಕಷ್ಟ. ಸುತ್ತ ಕಣ್ಣು ಹಾಯಿಸಿದಷ್ಟೂ ಅರಿಸಿನ, ಈರುಳ್ಳಿ, ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು. ದಕ್ಷಿಣಕ್ಕೆ ನೀಲಿಗಟ್ಟಿದ ಬೆಟ್ಟಗಳ ಸಾಲು. ನೀರೆಂದರೆ ಕೆರೆಯ ನೀರು, ಕೊಳವೆಬಾವಿಯ ನೀರು. ಅದೂ ಮಳೆರಾಯನ ಕೃಪೆಯಿದ್ದ ವರ್ಷ. ಆದರೆ ಊರನ್ನು ಹಾದುಹೋಗುವ ಹೆದ್ದಾರಿಯ ಮಾತೇ ಬೇರೆ. ಇಂದು 766 ಎಂಬ ಸಂಖ್ಯೆಯನ್ನು ಹೊತ್ತ ಈ ದಾರಿ ಕೊಳ್ಳೇಗಾಲದಿಂದ ಹೊರಟು, ಮೈಸೂರು ನಂಜನಗೂಡುಗಳನ್ನು ಮುಟ್ಟಿ ಬೇಗೂರಿಗೆ ಬರುತ್ತದೆ. ಗುಂಡ್ಲುಪೇಟೆಯನ್ನು ದಾಟಿ, ಬಂಡೀಪುರದ ಕಾಡನ್ನು ಹೊಕ್ಕು, ವೈನಾಡಿನ ಸುಲ್ತಾನ್ ಬತ್ತೇರಿಯ ಮೇಲೆ ಹಾದು, ಘಟ್ಟವಿಳಿದು ಕೋಳಿಕೋಡಿನಲ್ಲಿ ಅರಬ್ಬೀ ಸಮುದ್ರವನ್ನು ಕಾಣುತ್ತದೆ. ಬಸ್ಸಿಗಾಗಿ ಕಾದು ನಿಂತ ಬೇಗೂರಿನ ಹುಡುಗನೊಬ್ಬನ ಕಾಲ ಬಳಿಯ ರಸ್ತೆ ಹೀಗೆ ಎಲ್ಲಿಯೂ ಕಡಿಯದೆ ತೆರೆಯ ಅಂಚಿನವರೆಗೂ ಸಾಗಿದೆ.

ಆ ತೆರೆಯ ಆಚೆಗೆ ಹಗಲಿರುಳೂ ಹಡಗುಗಳು ಓಡಾಡುತ್ತಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಎಣ್ಣೆ, ಕಲ್ಲಿದ್ದಲು, ಗೊಬ್ಬರ, ಯಂತ್ರಗಳನ್ನು ಹೊರುವ ಹಡಗುಗಳು. ಅಪರೂಪಕ್ಕೊಮ್ಮೆ ಇನ್ನೊಂದು ಬಗೆಯ ಹಡಗು ಕಾಣಿಸುತ್ತದೆ. ಅದು ಸರಕನ್ನು ಹೊರುವುದಿಲ್ಲ. ಜನರನ್ನು ಹೊರುತ್ತದೆಯಾದರೂ ಅವರನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಮುಟ್ಟಿಸುವುದು ಅದರ ಮುಖ್ಯ ಉದ್ದೇಶವಲ್ಲ. ಹತ್ತಿದ ಬಂದರಿಗೇ ಎಷ್ಟೋ ವೇಳೆ ಅದು ಪ್ರಯಾಣಿಕರನ್ನು ಮರಳಿ ತಂದು ಇಳಿಸುತ್ತದೆ. ಪಯಣದ ಸುಖಕ್ಕಾಗಿಯೇ ಪಯಣ ಮಾಡುವವರ ಹಡಗು ಅದು. ಇದನ್ನು ವಿಹಾರ ನೌಕೆ ಎನ್ನುತ್ತಾರೆ. 1974ರಲ್ಲಿ ಮಹಾಬಂದರೆಂದು ಘೋಷಿತವಾದ ಪಣಂಬೂರಿನ ನವಮಂಗಳೂರು ಬಂದರಿಗೆ ಚಳಿಗಾಲದ ತಿಂಗಳುಗಳಲ್ಲಿ ವಿದೇಶದ ಇಂತಹ ನೌಕೆಗಳು ಬಂದು ಹೋಗುವುದುಂಟು. ಭಾರತದ ಪ್ರಯಾಣಿಕರಿಗಾಗಿಯೇ 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಸಂಚಾರ ತೊಡಗಿದ ‘ಎಂಪ್ರೆಸ್’ ಎಂಬ ನೌಕೆ 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದುದು. ಗೋವೆ, ಲಕ್ಷದ್ವೀಪ, ಕೊಚ್ಚಿಗಳ ಕಡೆಗೆ ಅದು ಜನರನ್ನು ಕರೆದೊಯ್ದಿತು. ಇದು ನಡುವಯಸ್ಸಿನ, ನಡುಗಾತ್ರದ ಹಡಗು. 2024ರಲ್ಲಿ ಕಡಲಿಗಿಳಿದ ‘ಐಕಾನ್ ಆಫ್ ದಿ ಸೀಸ್’ ಎಂಬ ದೈತ್ಯ ನೌಕೆಯಂತೂ 7,600 ಪ್ರಯಾಣಿಕರವರೆಗೆ ಹೊರಬಲ್ಲುದು. ಬೇಗೂರಿನಂತಹ ಊರೊಂದನ್ನು ಮನೆ, ಅಂಗಡಿ, ಆಸ್ಪತ್ರೆಗಳ ಸಮೇತ ಎತ್ತಿ ನೀರಿನ ಮೇಲಿಟ್ಟಂತೆ ಎಂದು ಕಲ್ಪಿಸಿಕೊಂಡರೆ ತಪ್ಪಾಗಲಾರದು.

ಊರೆಂದ ಮೇಲೆ ಅಲ್ಲಿ ಮಕ್ಕಳಿರಲೇಬೇಕು. ರಜೆಯ ದಿನಗಳಲ್ಲಿ ಒಂದೇ ಹಡಗಿನಲ್ಲಿ ನೂರಾರು ಮಕ್ಕಳು ಸೇರುತ್ತಾರೆ. ಊರಿನಲ್ಲಾದರೆ ಮಕ್ಕಳಿಗೆ ಬೀದಿಯಿದೆ, ಅಜ್ಜಿಯ ಮನೆಯಿದೆ, ಅರಳಿಕಟ್ಟೆಯಿದೆ. ಯಾರ ಮಗು ಎಲ್ಲಿ ಆಡುತ್ತಿದೆಯೆಂದು ಹತ್ತು ಮನೆಯವರು ಹೇಳಬಲ್ಲರು. ಹಡಗಿನಲ್ಲಿ ಯಾರಿಗೆ ಯಾರೂ ಗೊತ್ತಿಲ್ಲ. ನಾಲ್ಕು ದಿಕ್ಕಿಗೂ ಕಟಕಟೆ, ಅದರಾಚೆಗೆ ಆಳವಾದ ನೀರು. ಆದ್ದರಿಂದ ವಿಹಾರ ನೌಕೆಗಳಲ್ಲಿ ಮಕ್ಕಳಿಗೆಂದೇ ಕೆಲವು ಕೋಣೆಗಳನ್ನು ಮೀಸಲಿಟ್ಟು, ಅವರನ್ನು ಆಡಿಸಲು, ಕಾಯಲು ತರಬೇತಿ ಪಡೆದ ಯುವಕ ಯುವತಿಯರನ್ನು ನೇಮಿಸುವ ಪದ್ಧತಿ ಬೆಳೆದು ಬಂದಿದೆ. ‘ಯೂತ್ ಸ್ಟಾಫ್’ ಎಂದು ಅವರನ್ನು ಕರೆಯುತ್ತಾರೆ. ಮಕ್ಕಳ ಮನೆಯ ಸಿಬ್ಬಂದಿ ಎಂದರೆ ಅರ್ಥ ಸ್ಪಷ್ಟವಾಗುತ್ತದೆ.

ಮಕ್ಕಳೊಡನೆ ಆಟವಾಡಿ ಸಂಬಳ ಪಡೆಯುವುದು, ಅದರ ಜೊತೆಗೆ ದೇಶ ದೇಶಗಳ ಬಂದರುಗಳನ್ನು ನೋಡುವುದು! ಇಷ್ಟು ಸೊಗಸಾದ ಉದ್ಯೋಗ ಇನ್ನಾವುದಿದೆ ಎಂದು ಯಾರಿಗಾದರೂ ಅನ್ನಿಸೀತು. ಈ ಉದ್ಯೋಗದ ಹೊರಮೈ ನಿಜವಾಗಿಯೂ ಹಾಗೆಯೇ ಕಾಣುತ್ತದೆ. ಒಳಗೆ ಇಣುಕಿದಾಗ ಮಾತ್ರ ಬೇರೊಂದು ಸಂಗತಿ ತಿಳಿಯುತ್ತದೆ. ಆಟ ಆಡಿಸುವುದು ಈ ಕೆಲಸದ ಅರ್ಧ ಭಾಗ. ಉಳಿದ ಅರ್ಧ, ಒಂದರ್ಥದಲ್ಲಿ ಹೆಚ್ಚಿನ ಅರ್ಧ, ಎಣಿಸುವುದು.

ಮಗುವೊಂದು ಮಕ್ಕಳ ಮನೆಯ ಹೊಸ್ತಿಲು ದಾಟುವ ಮೊದಲೇ ಎಣಿಕೆ ತೊಡಗುತ್ತದೆ. ತಂದೆಯೋ ತಾಯಿಯೋ ಬಂದು ಮಗುವಿನ ಹೆಸರು, ವಯಸ್ಸು, ತಂಗಿರುವ ಕೋಣೆಯ ಸಂಖ್ಯೆಗಳನ್ನು ಬರೆಸುತ್ತಾರೆ. ಮಗುವಿಗೆ ಏನು ತಿಂದರೆ ಆಗದು, ಯಾವ ಔಷಧಿ ಕೊಡುತ್ತಿದ್ದಾರೆ, ಉಬ್ಬಸವೇನಾದರೂ ಇದೆಯೆ ಎಂದು ಸಿಬ್ಬಂದಿ ಕೇಳಿ ಗುರುತು ಹಾಕಿಕೊಳ್ಳುತ್ತಾರೆ. ಕಡಲೆಕಾಯಿಯ ಒಂದು ಬೀಜ ತಿಂದರೆ ಉಸಿರು ಕಟ್ಟುವ ಮಕ್ಕಳಿದ್ದಾರೆ, ಮರೆತರೆ ಗತಿಯೇನು? ಮಗುವನ್ನು ಮರಳಿ ಯಾರ ಕೈಗೆ ಒಪ್ಪಿಸಬೇಕೆಂಬುದನ್ನೂ ಮೊದಲೇ ಬರೆಸಿಕೊಳ್ಳಲಾಗುತ್ತದೆ. ಆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸ್ವಂತ ಸೋದರಮಾವನೇ ಬಂದು ನಿಂತರೂ ಮಗುವನ್ನು ಕಳುಹಿಸುವಂತಿಲ್ಲ. ಮಾವನಿಗೆ ಕೋಪ ಬರುವುದು ಸಹಜ. ಮುಗುಳುನಗೆಯಿಂದಲೇ, ಆದರೆ ಅಲುಗಾಡದೆ, ‘ಕ್ಷಮಿಸಬೇಕು, ಮಗುವಿನ ತಾಯಿಯನ್ನು ಕರೆಸುತ್ತೇವೆ’ ಎಂದು ಹೇಳುವುದನ್ನು ಇಪ್ಪತ್ತೆರಡು ಇಪ್ಪತ್ತಮೂರು ವರ್ಷದ ತರುಣಿಯೊಬ್ಬಳು ಕಲಿಯಬೇಕಾಗುತ್ತದೆ. ಇದು ಹಾಡು ಕುಣಿತಗಳನ್ನು ಕಲಿಸುವುದಕ್ಕಿಂತ ಕಷ್ಟದ ವಿದ್ಯೆ.

ಮಕ್ಕಳನ್ನು ಸಾಮಾನ್ಯವಾಗಿ ವಯಸ್ಸಿಗೆ ತಕ್ಕಂತೆ ಗುಂಪು ಮಾಡುತ್ತಾರೆ. ಮೂರರಿಂದ ಐದು ವರ್ಷದವರು ಒಂದು ಗುಂಪು. ಶಾಲೆಗೆ ಹೋಗುವ ಚಿಕ್ಕವರು ಇನ್ನೊಂದು. ಹತ್ತು ಹನ್ನೊಂದರ ಆಸುಪಾಸಿನವರು ಮತ್ತೊಂದು. ಹದಿಮೂರರಿಂದ ಹದಿನೇಳರವರಿಗೆ ಬೇರೆಯೇ ಕೋಣೆಗಳು. ಮೂರು ತುಂಬದ, ತಾವಾಗಿಯೇ ಶೌಚಕ್ಕೆ ಹೋಗಲಾರದ ಕಂದಮ್ಮಗಳನ್ನು ಹೆಚ್ಚಿನ ಹಡಗುಗಳಲ್ಲಿ ತಂದೆತಾಯಿಯರ ಜೊತೆಯಿಲ್ಲದೆ ಸೇರಿಸಿಕೊಳ್ಳುವುದಿಲ್ಲ. ಚಿಕ್ಕ ಮಕ್ಕಳು ಅತ್ತು ಕರೆದು ಹತ್ತು ನಿಮಿಷದಲ್ಲಿ ಒಗ್ಗಿಕೊಳ್ಳುತ್ತಾರೆ. ಹದಿಹರೆಯದವರದೇ ಕಷ್ಟ. ‘ನಮ್ಮನ್ನು ಆಡಿಸಲು ನೀವು ಯಾರು?’ ಎಂಬ ಮುಖ ಹೊತ್ತು ಅವರು ಗೋಡೆಗೊರಗಿ ನಿಲ್ಲುತ್ತಾರೆ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ! ಅನುಭವವಿರುವ ಸಿಬ್ಬಂದಿ ಅಂಥವರನ್ನು ಆಟಕ್ಕೆ ಕರೆಯುವುದಿಲ್ಲ. ಪಂದ್ಯದ ಅಂಕ ಬರೆಯುವ, ಚಿಕ್ಕವರಿಗೆ ನಾಟಕ ಕಲಿಸುವ ಹೊಣೆಯನ್ನು ಅವರಿಗೇ ವಹಿಸಿಬಿಡುತ್ತಾರೆ. ಅರ್ಧ ಗಂಟೆಯಲ್ಲಿ ಗೋಡೆ ಬರಿದಾಗುತ್ತದೆ.

ಒಂದು ಕೋಣೆಯಲ್ಲಿ ಮೂವತ್ತು ಮಕ್ಕಳಿದ್ದರೆ ಹತ್ತು ಭಾಷೆಗಳಿರಬಹುದು. ಮಾತಿನ ಮೂಲಕ ನಿಯಮ ಹೇಳಬೇಕಾದ ಆಟ ಅಲ್ಲಿ ನಡೆಯದು. ನೋಡಿದೊಡನೆ ತಿಳಿಯುವ ಆಟ ಬೇಕು. ಅದರ ಮೇಲೆ ಹಡಗಿನದೇ ಒಂದು ನಿಬಂಧನೆಯಿದೆ: ನೆಲ ಅಲುಗಾಡುತ್ತದೆ. ಕಡಲು ಶಾಂತವಾಗಿದ್ದಾಗ ಓಟದ ಆಟಗಳು ನಡೆಯುತ್ತವೆ. ಅಲೆಗಳೆದ್ದ ದಿನ ಎಲ್ಲರನ್ನೂ ನೆಲದ ಮೇಲೆ ಕೂರಿಸಬೇಕು. ಅಂದು ಬಣ್ಣದ ಕಡ್ಡಿ, ಕಾಗದ, ಕಥೆಗಳೇ ಗತಿ. ಬೇಗೂರಿನ ಸುತ್ತಿನ ಹಳ್ಳಿಗಳ ಮಕ್ಕಳು ಬಲ್ಲ ಆಟಗಳನ್ನು ಈ ದೃಷ್ಟಿಯಿಂದ ಒಮ್ಮೆ ತೂಗಿ ನೋಡಬಹುದು. ಲಗೋರಿ ಹಡಗಿಗೆ ಸಲ್ಲದು. ಅಲುಗಾಡುವ ನೆಲದ ಮೇಲೆ ಬಿಲ್ಲೆಗಳು ನಿಲ್ಲುವುದಿಲ್ಲ, ಚೆಂಡು ಯಾರ ತಲೆಗೆ ಬಡಿದೀತೋ ಹೇಳಲಾಗದು. ಚಿನ್ನಿದಾಂಡಂತೂ ಕೂಡದು. ಕುಂಟೆಬಿಲ್ಲೆ ಶಾಂತ ಸಮುದ್ರದ ಆಟ. ಆದರೆ ಚೌಕಾಬಾರ, ಅಳಗುಳಿಮಣೆಗಳು ಹಡಗಿಗೆಂದೇ ಹುಟ್ಟಿದಂತಿವೆ. ನೆಲದ ಮೇಲೆ ಸೀಮೆಸುಣ್ಣದ ಗೆರೆ, ನಾಲ್ಕು ಕವಡೆ, ಒಂದು ಹಿಡಿ ಹುಣಿಸೆಬೀಜ. ಭಾಷೆ ಬೇಡ, ಓಟ ಬೇಡ. ಅಳಗುಳಿಮಣೆಯ ಸೋದರ ಆಟಗಳು ಆಫ್ರಿಕದಿಂದ ಇಂಡೊನೇಷಿಯದವರೆಗೆ ಹಬ್ಬಿರುವುದರಿಂದ, ಬೇರೆ ದೇಶದ ಮಗುವೊಂದು ಅದನ್ನು ನೋಡಿ ‘ಇದು ನಮ್ಮೂರ ಆಟ’ ಎಂದು ಹೇಳಿದರೂ ಆಶ್ಚರ್ಯವಿಲ್ಲ.

ಆಟ ಸಾಗುತ್ತಿರುವಾಗ ಸಿಬ್ಬಂದಿಯ ಕಣ್ಣು ಎರಡು ಕೆಲಸ ಮಾಡುತ್ತಿರುತ್ತದೆ. ಒಂದು ಆಟದ ಮೇಲಿದ್ದರೆ ಇನ್ನೊಂದು ತಲೆಗಳ ಮೇಲೆ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವ ಮುನ್ನ ಎಣಿಕೆ, ಹೋದ ಮೇಲೆ ಎಣಿಕೆ. ಊಟಕ್ಕೆ ಕೂರುವ ಮುನ್ನ ಎಣಿಕೆ, ಎದ್ದ ಮೇಲೆ ಎಣಿಕೆ. ಕುರಿ ಕಾಯುವವನು ಹಟ್ಟಿಗೆ ಮರಳುವಾಗ ಎಣಿಸುವಂತೆಯೇ ಇದು ಎಂದರೆ ಹಳ್ಳಿಯ ಮಕ್ಕಳಿಗೆ ಬೇಗ ಅರ್ಥವಾದೀತು. ಜೊತೆಗೆ ಇನ್ನೊಂದು ಕಟ್ಟುನಿಟ್ಟು: ಸಿಬ್ಬಂದಿಯಲ್ಲಿ ಯಾರೂ ಒಂದು ಮಗುವಿನೊಡನೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿರಬಾರದು, ಕೆಲಸದ ವೇಳೆಯ ಹೊರಗೆ ಮಕ್ಕಳೊಡನೆ ಸ್ನೇಹ ಬೆಳೆಸಬಾರದು. ಮಕ್ಕಳ ರಕ್ಷಣೆಗಾಗಿ ಇರುವ ನಿಯಮ ಇದು. ಸಿಬ್ಬಂದಿಯ ರಕ್ಷಣೆಯೂ ಇದರಲ್ಲೇ ಅಡಗಿದೆ. ನೇಮಕಕ್ಕೆ ಮುನ್ನ ಅವರ ಹಿಂದಿನ ನಡತೆಯ ಬಗೆಗೆ ಪೊಲೀಸರಿಂದ ಪ್ರಮಾಣಪತ್ರ ತರಿಸುವುದೂ ಇದೇ ಕಾರಣಕ್ಕೆ.

ಮಕ್ಕಳ ಮನೆಗೆ ಇನ್ನೊಬ್ಬ ಶತ್ರುವಿದ್ದಾನೆ, ಕಣ್ಣಿಗೆ ಕಾಣದವನು. ವಾಂತಿ ಭೇದಿಯನ್ನು ತರುವ ನೋರೊ ವೈರಸ್ ಎಂಬ ರೋಗಾಣು ಹಡಗಿನಂತಹ ಇಕ್ಕಟ್ಟಾದ ಜಾಗದಲ್ಲಿ ಬೆಂಕಿಯಂತೆ ಹರಡುತ್ತದೆ. ಕೈಗೆ ಸವರಿಕೊಳ್ಳುವ ಮದ್ಯಸಾರದ ದ್ರವಕ್ಕೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಸಾಬೂನು ಹಚ್ಚಿ ನೀರಿನಲ್ಲಿ ತೊಳೆಯುವುದೇ ಸರಿಯಾದ ಮಾರ್ಗ. ಆದ್ದರಿಂದ ಬಾಗಿಲಲ್ಲೇ ಕೈತೊಳೆಯುವ ಶಾಸ್ತ್ರ ನಡೆಯುತ್ತದೆ. ಹೊಟ್ಟೆ ಕೆಟ್ಟ ಮಗುವನ್ನು ಅಂದು ಒಳಗೆ ಬಿಡುವುದಿಲ್ಲ. ದಿನದ ಆಟ ಮುಗಿದು ಮಕ್ಕಳು ಮಲಗಲು ಹೋದ ಮೇಲೆ, ಅದೇ ಯುವಕ ಯುವತಿಯರು ಮಂಡಿಯೂರಿ ಕುಳಿತು ಆಟಿಕೆಗಳನ್ನು ಒಂದೊಂದಾಗಿ ತೊಳೆದು ಒರೆಸುತ್ತಾರೆ. ಉದ್ಯೋಗದ ಜಾಹೀರಾತುಗಳಲ್ಲಿ ಈ ಚಿತ್ರ ಕಾಣಿಸುವುದಿಲ್ಲ.

ಕಾಣಿಸದ ಸಂಗತಿಗಳು ಇನ್ನೂ ಇವೆ. ಸಿಬ್ಬಂದಿಯ ವಾಸ ಹಡಗಿನ ಕೆಳ ಅಂತಸ್ತುಗಳಲ್ಲಿ; ಎಷ್ಟೋ ಕಡೆ ನೀರಿನ ಮಟ್ಟಕ್ಕಿಂತ ಕೆಳಗೆ. ಕಿಟಕಿಯಿಲ್ಲದ ಚಿಕ್ಕ ಕೋಣೆ, ಒಂದರ ಮೇಲೊಂದು ಮಂಚ, ಅಪರಿಚಿತ ಜೊತೆಗಾರ. ಒಮ್ಮೆ ಹತ್ತಿದರೆ ಆರು, ಎಂಟು ತಿಂಗಳು ಮನೆಯ ಮುಖ ನೋಡುವಂತಿಲ್ಲ; ವಾರಕ್ಕೊಂದು ಭಾನುವಾರ ಎಂಬ ಕಲ್ಪನೆಯೇ ಇಲ್ಲ. ಹಡಗು ಬಂದರಿನಲ್ಲಿ ನಿಂತಾಗ ತಂದೆತಾಯಿಯರು ಊರು ನೋಡಲು ಇಳಿಯುತ್ತಾರೆ. ಮಕ್ಕಳನ್ನು ನೋಡಿಕೊಳ್ಳಲು ಕೆಲವರು, ಬೆಂಕಿ ಮುಂತಾದ ಅಪಾಯ ಒದಗಿದರೆ ಎದುರಿಸಲು ಕೆಲವರು ಸರದಿಯಂತೆ ಹಡಗಿನಲ್ಲೇ ಉಳಿಯಬೇಕು. ಒಂದು ಊರಿನ ಹೆಸರು ಪದೇ ಪದೇ ಕೇಳಿಯೂ ಅದರ ನೆಲವನ್ನು ತುಳಿಯದೆ ಮರಳಿದವರಿದ್ದಾರೆ. ಎಲ್ಲಕ್ಕಿಂತ ವಿಚಿತ್ರವಾದುದು ಪಯಣದ ಕೊನೆಯ ದಿನ. ಬೆಳಿಗ್ಗೆ ಎರಡು ಸಾವಿರ ಜನ ಇಳಿದು ಹೋಗುತ್ತಾರೆ. ಒಂದು ವಾರ ಕೈಹಿಡಿದು ಓಡಾಡಿದ ಮಗು ಅಳುತ್ತಾ ಬೀಳ್ಕೊಳ್ಳುತ್ತದೆ. ಮಧ್ಯಾಹ್ನಕ್ಕೆ ಬೇರೆ ಎರಡು ಸಾವಿರ ಜನ ಹತ್ತಿರುತ್ತಾರೆ. ಬಾಗಿಲಲ್ಲಿ ಹೊಸ ಮಗು, ಹೊಸ ಅಳು. ಬೆಳಗಿನ ದುಃಖವನ್ನು ಮಧ್ಯಾಹ್ನದ ನಗೆಯ ಹಿಂದೆ ಮುಚ್ಚಿಡಬೇಕು.

ಇಂತಹ ದುಡಿಮೆಗೆ ಒಂದು ಮೇರೆ ಬೇಡವೆ? 2006ರ ಫೆಬ್ರುವರಿಯಲ್ಲಿ ಜಿನೀವದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಕಡಲ ಕಾರ್ಮಿಕರಿಗಾಗಿ ಒಂದು ಒಪ್ಪಂದವನ್ನು ರೂಪಿಸಿತು. 2013ರ ಆಗಸ್ಟಿನಲ್ಲಿ ಅದು ಜಾರಿಗೆ ಬಂದಿತು. 2015ರಲ್ಲಿ ಭಾರತ ಅದನ್ನು ಅಂಗೀಕರಿಸಿತು. ವಿಶ್ರಾಂತಿಯ ವೇಳೆಯನ್ನು ಗೊತ್ತುಪಡಿಸುವ ದೇಶಗಳ ಹಡಗುಗಳಲ್ಲಿ, ಯಾವುದೇ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ಏಳು ದಿನಗಳಲ್ಲಿ ಕನಿಷ್ಠ 77 ಗಂಟೆ ಬಿಡುವು ದೊರೆಯಬೇಕೆಂದು ಅದು ವಿಧಿಸುತ್ತದೆ. ಮಕ್ಕಳನ್ನು ಆಡಿಸುವವರೂ ಎಂಜಿನ್ ನಡೆಸುವವರಂತೆಯೇ ಈ ಲೆಕ್ಕದೊಳಗೆ ಬರುತ್ತಾರೆ. ಕೆಲಸ ಕೊಡಿಸುವುದಕ್ಕಾಗಿ ನಾವಿಕರಿಂದ ಮಧ್ಯವರ್ತಿಗಳು ಶುಲ್ಕ ವಸೂಲು ಮಾಡಕೂಡದೆಂಬುದೂ ಅದೇ ಒಪ್ಪಂದದ ಮಾತು. ಕಡಲನ್ನು ಕಾಣದ ಊರುಗಳ ಯುವಕರು ಮುಖ್ಯವಾಗಿ ನೆನಪಿಡಬೇಕಾದ ಮಾತು ಇದು. ಹಡಗಿನ ಕೆಲಸದ ಆಸೆ ತೋರಿಸಿ ಹಣ ಕೀಳುವವರು ಹೆಚ್ಚಾಗಿ ಬಲೆ ಬೀಸುವುದು ಅಂತಹ ಊರುಗಳಲ್ಲಿಯೇ.

ಈ ಕೆಲಸಕ್ಕೆ ಬೇಕಾದ ವಿದ್ಯೆ ಎರಡು ಬಗೆಯದು. ಒಂದು ಕಡಲಿನ ವಿದ್ಯೆ. ನೀರಿಗೆ ಬಿದ್ದರೆ ಜೀವ ಉಳಿಸಿಕೊಳ್ಳುವುದು, ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ, ಗಾಬರಿಗೊಂಡ ಜನಜಂಗುಳಿಯನ್ನು ನಡೆಸುವುದು, ಇವುಗಳಲ್ಲಿ ತರಬೇತಿ ಪಡೆಯದೆ ಮಕ್ಕಳ ಮನೆಯ ಹೊಣೆ ಹೊರುವಂತಿಲ್ಲ. ಭಾರತೀಯ ನಾವಿಕರಿಗೆ ಸರ್ಕಾರವು ಕೊಡುವ ಸಿ.ಡಿ.ಸಿ. ಎಂಬ ಪುಸ್ತಿಕೆಯೂ ಬೇಕಾಗುತ್ತದೆ. ಇದೆಲ್ಲವನ್ನೂ ಕೆಲವು ವಾರಗಳಲ್ಲಿ ಕಲಿಯಬಹುದು. ಇನ್ನೊಂದು ಮಕ್ಕಳ ವಿದ್ಯೆ. ಅದು ವಾರಗಳಲ್ಲಿ ಬರುವುದಲ್ಲ. ಕನ್ನಡ ನಾಡಿನಲ್ಲಿ ಅದಕ್ಕೊಂದು ಪರಂಪರೆಯೇ ಇದೆ. ಆರ್. ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಕಟ್ಟಿದಾಗ, ಶಾಲೆಯ ಹೊರಗೆ ಮಕ್ಕಳಿಗೆ ಹಾಡು, ಆಟ, ನಾಟಕಗಳ ಒಂದು ತಾಣ ಬೇಕೆಂಬ ಯೋಚನೆಯೇ ಹೊಸದಾಗಿತ್ತು. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಮೈಸೂರಿನಲ್ಲಿ ಹುಟ್ಟಿದ ರಂಗಾಯಣವು ಬೇಸಿಗೆ ರಜೆಯಲ್ಲಿ ಚಿಣ್ಣರ ಮೇಳವನ್ನು ನಡೆಸಿಕೊಂಡು ಬಂದಿದೆ. ಬೇಗೂರಿನಿಂದ ಒಂದೆರಡು ಗಂಟೆಯ ಬಸ್ ಪ್ರಯಾಣದಷ್ಟು ದೂರದಲ್ಲಿ, ಮಣ್ಣು, ಮುಖವಾಡ, ಹಾಡುಗಳ ನಡುವೆ ನೂರಾರು ಮಕ್ಕಳನ್ನು ತರುಣ ಕಲಾವಿದರು ಹೇಗೆ ಒಟ್ಟಿಗೆ ಹಿಡಿದಿಡುತ್ತಾರೆಂಬುದನ್ನು ಅಲ್ಲಿ ನೋಡಬಹುದು. ಹಡಗಿನ ಮಕ್ಕಳ ಮನೆಗೂ ಅದಕ್ಕೂ ಇರುವ ವ್ಯತ್ಯಾಸ ಕಟಕಟೆಯಾಚೆಗಿನ ನೀರೊಂದೇ.

ಆದರೆ ಆ ನೀರು ಸಾಮಾನ್ಯವಾದುದಲ್ಲ. 1912ರ ಏಪ್ರಿಲಿನಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ ಅದರಲ್ಲಿ ನೂರಕ್ಕೂ ಹೆಚ್ಚು ಮಕ್ಕಳಿದ್ದರು. ಬ್ರಿಟಿಷ್ ವಿಚಾರಣಾಧಿಕಾರಿಗಳು ಕೊಟ್ಟ ಲೆಕ್ಕದಂತೆ, ಎರಡನೆಯ ದರ್ಜೆಯ 24 ಮಕ್ಕಳಲ್ಲಿ ಎಲ್ಲರೂ ಉಳಿದರು. ಮೂರನೆಯ ದರ್ಜೆಯ 79 ಮಕ್ಕಳಲ್ಲಿ ಉಳಿದವರು 27 ಮಂದಿ ಮಾತ್ರ. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ವ್ಯಾಖ್ಯಾನದ ಅಗತ್ಯವಿಲ್ಲ. ಆ ದುರಂತದ ಫಲವಾಗಿ 1914ರಲ್ಲಿ ಸಮುದ್ರದಲ್ಲಿ ಪ್ರಾಣರಕ್ಷಣೆಗಾಗಿ ಒಂದು ಅಂತರರಾಷ್ಟ್ರೀಯ ಒಪ್ಪಂದ ರೂಪುಗೊಂಡಿತು. ಅದನ್ನು ಮತ್ತೆ ಮತ್ತೆ ತಿದ್ದುತ್ತಾ ಬರಲಾಗಿದೆ. ಪ್ರಯಾಣಿಕರ ಸಂಖ್ಯೆಯ ಹತ್ತರಲ್ಲೊಂದು ಪಾಲಿನಷ್ಟಾದರೂ ಮಕ್ಕಳ ಅಳತೆಯ ಜೀವರಕ್ಷಕ ಅಂಗಿಗಳು ಹಡಗಿನಲ್ಲಿರಬೇಕು, ಮಕ್ಕಳು ಅದಕ್ಕಿಂತ ಹೆಚ್ಚಾಗಿದ್ದರೆ ಪ್ರತಿ ಮಗುವಿಗೂ ಒಂದೊಂದು ಇರಲೇಬೇಕು ಎಂಬುದು ಇಂದಿನ ನಿಯಮ. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟ ಕಾಂಕಾರ್ಡಿಯ ಎಂಬ ವಿಹಾರ ನೌಕೆ ಬಂಡೆಗೆ ತಾಗಿ ಉರುಳಿ 32 ಮಂದಿ ಸತ್ತರು. ಅಂದು ಸಂಜೆಯಷ್ಟೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಎಲ್ಲಿ ಸೇರಬೇಕೆಂಬುದೇ ತಿಳಿದಿರಲಿಲ್ಲ. ಆ ಬಳಿಕ, ಅಪಾಯದ ವೇಳೆ ಸೇರುವ ಕವಾಯತನ್ನು ಹಡಗು ಹೊರಡುವ ಮುನ್ನವೇ ಅಥವಾ ಹೊರಟ ಕೂಡಲೇ ನಡೆಸಬೇಕೆಂದು ವಿಧಿಸಲಾಯಿತು.

ಈ ಕವಾಯತಿನಲ್ಲಿ ತಂದೆತಾಯಿಯರಿಗೆ ಹೇಳುವ ಒಂದು ಮಾತು ಅವರನ್ನು ಬೆಚ್ಚಿಬೀಳಿಸುತ್ತದೆ. ಎಚ್ಚರಿಕೆಯ ಸಿಳ್ಳು, ಏಳು ಗಿಡ್ಡ ಕೂಗುಗಳು, ಕೊನೆಗೊಂದು ದೀರ್ಘ ಕೂಗು ಕೇಳಿಸಿದಾಗ, ಮಕ್ಕಳ ಮನೆಯಲ್ಲಿರುವ ನಿಮ್ಮ ಮಗುವನ್ನು ಹುಡುಕಿಕೊಂಡು ಓಡಬೇಡಿ; ನೇರವಾಗಿ ನಿಮ್ಮ ಗೊತ್ತುಪಡಿಸಿದ ಜಾಗಕ್ಕೆ ಹೋಗಿ; ಮಗುವನ್ನು ಅಲ್ಲಿಗೆ ನಾವು ತರುತ್ತೇವೆ ಎಂದು ಅನೇಕ ನೌಕೆಗಳಲ್ಲಿ ಹೇಳುತ್ತಾರೆ. ಮಗುವಿನ ಮಣಿಕಟ್ಟಿಗೆ ಕಟ್ಟಿರುವ ಪಟ್ಟಿಯ ಮೇಲೆ ಅದು ಸೇರಬೇಕಾದ ಜಾಗದ ಗುರುತು ಇರುತ್ತದೆ. ನೂರಾರು ತಂದೆತಾಯಿಯರು ಮೆಟ್ಟಿಲುಗಳ ಮೇಲೆ ಎದುರುಬದುರಾಗಿ ನುಗ್ಗಿದರೆ ಯಾರೂ ಎಲ್ಲಿಗೂ ತಲುಪಲಾರರು. ಆದ್ದರಿಂದ ಈ ಏರ್ಪಾಡು ಸರಿಯಾದುದೇ. ಆದರೆ ತಾಯಿಯೊಬ್ಬಳಿಗೆ ‘ಓಡಬೇಡ’ ಎಂದು ಹೇಳುವ ಹಕ್ಕು ಸುಮ್ಮನೆ ಬರುವುದಿಲ್ಲ. ವಾರವಿಡೀ ಬಣ್ಣದ ಟೋಪಿ ಹಾಕಿ ಕುಣಿದ ತರುಣ ತರುಣಿಯರು ಆ ಕ್ಷಣದಲ್ಲಿ ಯಾವ ಮಗುವನ್ನೂ ಬಿಡದೆ ಎಣಿಸಿ ತರುವರೆಂಬ ನಂಬಿಕೆಯ ಮೇಲೆ ಅದು ನಿಂತಿದೆ.

ಆ ನಂಬಿಕೆಗೆ ಎಂತಹ ಪರೀಕ್ಷೆ ಒದಗಬಹುದೆಂಬುದಕ್ಕೆ ಎರಡನೆಯ ಮಹಾಯುದ್ಧದ ಕಾಲದ ಒಂದು ಘಟನೆ ಸಾಕ್ಷಿಯಾಗಿದೆ. ಕಾಶಿ ಪಟ್ಟಣದ ಹೆಸರನ್ನು ಹೊತ್ತ ‘ಸಿಟಿ ಆಫ್ ಬನಾರಸ್’ ಎಂಬ ಹಡಗು 1940ರ ಸೆಪ್ಟೆಂಬರ್ 13ರಂದು ಇಂಗ್ಲೆಂಡಿನ ಲಿವರ್‌ಪೂಲಿನಿಂದ ಕೆನಡದ ಕಡೆಗೆ ಹೊರಟಿತು. ಬಾಂಬುದಾಳಿಯಿಂದ ಪಾರು ಮಾಡಲು ಸರ್ಕಾರವೇ ಕಳುಹಿಸುತ್ತಿದ್ದ 90 ಮಕ್ಕಳು ಅದರಲ್ಲಿದ್ದರು. ತಂದೆತಾಯಿಯರು ಜೊತೆಯಲ್ಲಿರಲಿಲ್ಲ, ಮಕ್ಕಳನ್ನು ನೋಡಿಕೊಳ್ಳಲು ಕೆಲವು ಮಂದಿ ಕಾವಲುಗಾರರನ್ನು ನೇಮಿಸಲಾಗಿತ್ತು. ಹಡಗಿನ ನಾವಿಕರಲ್ಲಿ ಬಹುಮಂದಿ ಭಾರತೀಯರು. 17ರ ರಾತ್ರಿ, ಅಟ್ಲಾಂಟಿಕ್ ಸಾಗರದ ನಡುವೆ, ಜರ್ಮನಿಯ ಜಲಾಂತರ್ನೌಕೆಯೊಂದು ಹಡಗನ್ನು ಹೊಡೆದು ಮುಳುಗಿಸಿತು. ಬಿರುಗಾಳಿ, ಚಳಿ, ಕತ್ತಲೆ. ಹಡಗಿನಲ್ಲಿದ್ದ 400ಕ್ಕೂ ಹೆಚ್ಚು ಜನರಲ್ಲಿ ಸುಮಾರು 250 ಮಂದಿ ಸತ್ತರು. ಆ 90 ಮಕ್ಕಳಲ್ಲಿ ಉಳಿದವರು 13.

ಮರುದಿನ ರಕ್ಷಣೆಗೆ ಧಾವಿಸಿದ ಯುದ್ಧನೌಕೆಯು ದೋಣಿಗಳಿಂದ ಜನರನ್ನು ಎತ್ತಿಕೊಂಡು, ದೋಣಿಗಳನ್ನು ಎಣಿಸಿಕೊಂಡಿತು. ಅದೇ ರಾತ್ರಿ ಮುಳುಗಿದ್ದ ಮರೀನ ಎಂಬ ಇನ್ನೊಂದು ಹಡಗಿನ ದೋಣಿಯೊಂದನ್ನು ಬನಾರಸ್ ಹಡಗಿನದೆಂದೇ ಭಾವಿಸಿ ಲೆಕ್ಕಕ್ಕೆ ಸೇರಿಸಿತು. ಲೆಕ್ಕ ಸರಿಹೋಯಿತೆಂದು ಮರಳಿತು. ಹೀಗೆ 12ನೆಯ ಸಂಖ್ಯೆಯ ದೋಣಿ ಸಾಗರದಲ್ಲಿ ಉಳಿದುಬಿಟ್ಟಿತು. ಅದರಲ್ಲಿ ನಲವತ್ತಕ್ಕೂ ಹೆಚ್ಚು ಜನರಿದ್ದರು. ಅವರಲ್ಲಿ ಹೆಚ್ಚಿನವರು ಭಾರತೀಯ ನಾವಿಕರು. ಆರು ಮಂದಿ ಹುಡುಗರು. ಹೆಂಗಸು ಒಬ್ಬಳೇ: ಮೇರಿ ಕಾರ್ನಿಶ್ ಎಂಬ ಸಂಗೀತದ ಉಪಾಧ್ಯಾಯಿನಿ. ಆಕೆಯ ವಶಕ್ಕೆ ಒಪ್ಪಿಸಿದ್ದವರು ಹುಡುಗಿಯರು. ಅವರಿಂದ ಆಕೆ ಆ ರಾತ್ರಿಯ ಗೊಂದಲದಲ್ಲಿ ಅಗಲಿಹೋಗಿದ್ದಳು. ದೋಣಿಯಲ್ಲಿ ಸಿಕ್ಕ ಹುಡುಗರನ್ನು ಕಾಯುವುದು ಆಕೆಯ ಪಾಲಿಗೆ ಬಂದಿತು.

ಎಂಟು ದಿನ ಆ ದೋಣಿ ತೇಲಿತು. ಕುಡಿಯಲು ಅಳತೆಯ ಗುಟುಕು ನೀರು, ತಿನ್ನಲು ಒಣ ಬಿಸ್ಕತ್ತಿನ ಚೂರು. ಆಕೆ ಹುಡುಗರ ಮರಗಟ್ಟಿದ ಕೈಕಾಲುಗಳನ್ನು ಉಜ್ಜಿ ಉಜ್ಜಿ ಬಿಸಿ ಮಾಡಿದಳು. ಕತ್ತಲಾದಂತೆ ಅವರ ಧೈರ್ಯವೂ ಕುಂದುತ್ತಿತ್ತು. ಆಗ ಕಥೆ ಹೇಳತೊಡಗಿದಳು. ಬುಲ್‌ಡಾಗ್ ಡ್ರಮಂಡ್ ಎಂಬ ಸಾಹಸಿಯ ಕಥೆಗಳು ಆ ಕಾಲದ ಹುಡುಗರಿಗೆ ಅಚ್ಚುಮೆಚ್ಚು. ನೆನಪಿದ್ದಷ್ಟು ಹೇಳಿ, ನೆನಪಿಲ್ಲದೆಡೆ ತಾನೇ ಕಟ್ಟಿ, ಕಥೆಯನ್ನು ದಿನದಿಂದ ದಿನಕ್ಕೆ ಬೆಳೆಸಿದಳು. ಮುಂದೇನಾಯಿತೆಂದು ತಿಳಿಯಬೇಕಾದರೆ ನಾಳೆಯವರೆಗೆ ಬದುಕಿರಬೇಕಲ್ಲ! ಎಂಟನೆಯ ದಿನ ಕಡಲ ಮೇಲೆ ಹಾರುತ್ತಿದ್ದ ವಿಮಾನವೊಂದು ದೋಣಿಯನ್ನು ಕಂಡಿತು. ಯುದ್ಧನೌಕೆಯೊಂದು ಬಂದು ಅವರನ್ನು ಎತ್ತಿಕೊಂಡಿತು. ಆರು ಮಂದಿ ಹುಡುಗರೂ ಬದುಕಿದ್ದರು. ಅಂದು ಆಕೆಯ ಬಳಿ ಆಟದ ಕೋಣೆಯಿರಲಿಲ್ಲ, ಆಟಿಕೆಯಿರಲಿಲ್ಲ, ಬಣ್ಣದ ಕಡ್ಡಿಯಿರಲಿಲ್ಲ.

ಇಂದಿನ ವಿಹಾರ ನೌಕೆಗಳ ಮಕ್ಕಳಿಗೆ ಈ ಕಥೆಯನ್ನು ಯಾರೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಅವರು ರಜೆಗೆ ಬಂದವರು. ರಾತ್ರಿ ಒಂಬತ್ತಕ್ಕೆ, ಕಾಡುಪ್ರಾಣಿಗಳ ನೆಮ್ಮದಿಗಾಗಿ ಬಂಡೀಪುರದ ದಾರಿಯ ಗೇಟು ಮುಚ್ಚಿ ಬೇಗೂರಿನ ಹೆದ್ದಾರಿಯಲ್ಲಿ ಲಾರಿಗಳ ಸದ್ದು ತಗ್ಗುವ ಹೊತ್ತಿಗೆ, ಕಡಲ ಮೇಲಿನ ಮಕ್ಕಳ ಮನೆಯಲ್ಲಿ ಇನ್ನೂ ದೀಪ ಉರಿಯುತ್ತಿರುತ್ತದೆ. ಒಬ್ಬೊಬ್ಬರಾಗಿ ತಂದೆತಾಯಿಯರು ಬಂದು ಸಹಿ ಹಾಕಿ ಮಕ್ಕಳನ್ನು ಕರೆದೊಯ್ಯುತ್ತಾರೆ. ನಿದ್ದೆ ಬಂದ ಮಗು ತಂದೆಯ ಹೆಗಲಿಗೊರಗುತ್ತದೆ. ಪುಸ್ತಕದಲ್ಲಿ ಇಪ್ಪತ್ತೊಂಬತ್ತು ಹೆಸರುಗಳ ಮುಂದೆ ಸಹಿ ಬಿದ್ದಿದೆ. ಒಂದು ಗೆರೆ ಬರಿದಾಗಿದೆ. ಆ ಒಂದು ಮಗು ಚಾಪೆಯ ಮೇಲೆ ಕುಳಿತು ಚಿತ್ರಕ್ಕೆ ಬಣ್ಣ ತುಂಬುತ್ತಿದೆ. ದಿನವಿಡೀ ನಿಂತು ಕಾಲು ಸೋತ ತರುಣಿ ಅದರ ಪಕ್ಕದಲ್ಲಿ ಕುಳಿತು, ಈ ಮೀನಿಗೆ ಯಾವ ಬಣ್ಣ ಎಂದು ಕೇಳುತ್ತಾಳೆ. ಅಷ್ಟರಲ್ಲಿ ಬಾಗಿಲಲ್ಲಿ ಹೆಜ್ಜೆಯ ಸಪ್ಪಳ ಕೇಳಿಸುತ್ತದೆ. ಬಂದವರ ಹೆಸರನ್ನು ಪಟ್ಟಿಯೊಡನೆ ತಾಳೆ ನೋಡಿ ಅವಳು ಲೇಖನಿಯನ್ನು ಮುಂದೆ ಚಾಚುತ್ತಾಳೆ. ಮಗು ಹೊರಟುಹೋದ ಮೇಲೆ ಪುಸ್ತಕ ಮುಚ್ಚಿ, ತೋಳು ಮಡಿಸಿ, ಸಾಬೂನಿನ ನೀರು ತುಂಬಿದ ಬಕೆಟ್ಟನ್ನು ಆಟಿಕೆಗಳ ರಾಶಿಯ ಬಳಿಗೆ ಎಳೆದುಕೊಳ್ಳುತ್ತಾಳೆ.